ಕಲ್ಲಿಗೊಂದು ಪುಡಿ, ಗಾಜಿಗೊಂದು ಪುಡಿ

ಹಂಪಿ ಬಜಾರಿನಿಂದ ತುಂಗಭದ್ರೆಯ ದಂಡೆಗೆ ಇಳಿದರೆ ನೀರು ಉಜ್ಜಿ ನುಣುಪಾಗಿಸಿದ ಕಲ್ಲುಗಳನ್ನು ನೋಡಬಹುದು. ಒದ್ದೆಯಿದ್ದಾಗ ಹೊಳೆಯುವ ಕಲ್ಲು ಒಣಗಿದೊಡನೆ ಮಂಕಾಗುತ್ತದೆ. ಏಕೆ?

ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಅವು ಬೆಳಕನ್ನು ಎಲ್ಲೆಡೆಗೂ ಚದುರಿಸುತ್ತವೆ. ನೀರು ಆ ಗೀರುಗಳನ್ನು ತುಂಬಿದಾಗ ತಾತ್ಕಾಲಿಕ ಹೊಳಪು ಬರುತ್ತದೆ. ಶಾಶ್ವತ ಹೊಳಪು ಬೇಕಾದರೆ ಗೀರುಗಳು ಬೆಳಕಿನ ಅಲೆಯುದ್ದಕ್ಕಿಂತ, ಅಂದರೆ ಸುಮಾರು ಅರ್ಧ ಮೈಕ್ರಾನಿಗಿಂತ, ಚಿಕ್ಕದಾಗಬೇಕು. (1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.) ನದಿಯ ಮರಳು ಇಷ್ಟು ನಯವಲ್ಲ. ನುಣುಪೇ ಬೇರೆ, ಹೊಳಪೇ ಬೇರೆ.

ಉರುಳುವ ಪೀಪಾಯಿ

ನದಿಯ ಕೆಲಸವನ್ನು ಮೋಟಾರಿನಿಂದ ತಿರುಗುವ ರಬ್ಬರ್ ಪೀಪಾಯಿಯಲ್ಲಿ ಮಾಡಬಹುದು. ಮೂರನೇ ಎರಡು ಭಾಗದಷ್ಟು ಕಲ್ಲು ತುಂಬಿ, ನೀರು ಮತ್ತು ಕಾರ್ಬೊರಂಡಂ ಪುಡಿ ಹಾಕಿ ಉರುಳಿಸಬೇಕು. ಮೊದಲು 60-90 ಸಂಖ್ಯೆಯ ಒರಟು ಪುಡಿ, ಆಮೇಲೆ 120-220, ನಂತರ 500. ಸಂಖ್ಯೆ ಹೆಚ್ಚಿದಂತೆ ಪುಡಿ ನಯವಾಗುತ್ತದೆ. ಪ್ರತಿ ಹಂತಕ್ಕೂ ಸುಮಾರು ಒಂದು ವಾರ. ಕೊನೆಯದೇ ಮೆರುಗಿನ ಪುಡಿಯ ಹಂತ. ಯಾವ ಪುಡಿ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಸಂಡೂರಿನ ಪಟ್ಟೆಕಲ್ಲು

ಸಂಡೂರಿನ ಬೆಟ್ಟಗಳಲ್ಲಿ ಕೆಂಪು ಜಾಸ್ಪರ್ ಮತ್ತು ಬೂದುಗಪ್ಪು ಹೆಮಟೈಟ್ ಪಟ್ಟೆಪಟ್ಟೆಯಾಗಿ ಸೇರಿದ ಶಿಲೆಯಿದೆ. ಮೋಸ್ ಮಾಪಕದಲ್ಲಿ ಜಾಸ್ಪರ್‌ನ ಗಡಸುತನ ಸುಮಾರು 7, ಹೆಮಟೈಟ್‌ನದು 5.5ರಿಂದ 6.5. ಮೆದುವಾದ ಪಟ್ಟೆ ಬೇಗ ಸವೆದು ತಗ್ಗಾಗಬಹುದು. ಆದ್ದರಿಂದ ಒರಟು ಹಂತವನ್ನು ಅಗತ್ಯಕ್ಕಿಂತ ಹೆಚ್ಚು ದಿನ ಎಳೆಯಬಾರದು. ಮೆರುಗಿಗೆ ಸುಮಾರು 1 ಮೈಕ್ರಾನಿನ ಅಲ್ಯೂಮಿನಿಯಂ ಆಕ್ಸೈಡ್ ಸಾಕು. ಇದರ ಗಡಸುತನ 9. ಬೆಲೆಯೂ ಸೀರಿಯಂ ಆಕ್ಸೈಡಿಗಿಂತ ಕಡಿಮೆ.

ಒಂದು ಸ್ವಾರಸ್ಯ ಗಮನಿಸಿ. ಹೆಮಟೈಟ್ ಎಂದರೆ ಫೆರಿಕ್ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಮೆರುಗು ಕೊಡಲು ಬಳಸುವ ಕೆಂಪು ಪುಡಿ 'ರೂಜ್' ಕೂಡ ಅದೇ ವಸ್ತು! ಆದರೆ ಬಿರುಕುಗಳಿರುವ ತಿಳಿಬಣ್ಣದ ಕಲ್ಲಿಗೆ ಇದು ಬೇಡ. ಬಿರುಕಿನಲ್ಲಿ ಕೂತ ಕೆಂಪು ಸುಲಭವಾಗಿ ಹೋಗುವುದಿಲ್ಲ.

ಗಾಜಿಗೆ ಸೀರಿಯಂ

ಮಸೂರಗಳಿಗೂ ಹಿಂದೆ ರೂಜನ್ನೇ ಬಳಸುತ್ತಿದ್ದರು. 20ನೇ ಶತಮಾನದ ನಡುಭಾಗದಿಂದ ಆ ಸ್ಥಾನಕ್ಕೆ ಸೀರಿಯಂ ಆಕ್ಸೈಡ್ ಬಂದಿತು. ಕೇರಳದ ಕಡಲ ಮರಳಿನಲ್ಲಿರುವ ಮೊನಜೈಟ್ ಖನಿಜದಲ್ಲಿ ಸೀರಿಯಂ ಇದೆ. ಇದರ ಪುಡಿ ಗಾಜನ್ನು ಬರೀ ಉಜ್ಜುವುದಿಲ್ಲ; ನೀರಿನ ಸಮ್ಮುಖದಲ್ಲಿ ಗಾಜಿನ ಸಿಲಿಕಾದೊಂದಿಗೆ ರಾಸಾಯನಿಕವಾಗಿ ವರ್ತಿಸಿ ಮೇಲ್ಪದರವನ್ನು ತೆಳುವಾಗಿ ತೆಗೆಯುತ್ತದೆ. ಆದ್ದರಿಂದ ಗಾಜಿಗೆ ಇದೇ ಉತ್ತಮ. ಗಾಜಿನ ಗಡಸುತನ ಸುಮಾರು 5.5 ಮಾತ್ರ. ಜಾಸ್ಪರ್ ಜೊತೆ ಉರುಳಿಸಿದರೆ ಗಾಜು ಗೀರುಬಿದ್ದು ಹಾಳಾಗುತ್ತದೆ. ಪ್ರತ್ಯೇಕವಾಗಿ, ಪ್ಲಾಸ್ಟಿಕ್ ಗುಂಡುಗಳ ಮೆತ್ತೆಯೊಂದಿಗೆ ಉರುಳಿಸಿ.

ಒಂದು ಕಣದ ಕಿತಾಪತಿ

ಮೆರುಗಿನ ಪುಡಿ ಎಷ್ಟೇ ಬೆಲೆಯದಾದರೂ ಹಿಂದಿನ ಹಂತದ ಆಳವಾದ ಗೀರನ್ನು ಅಳಿಸಲಾರದು. ಪೀಪಾಯಿಯಲ್ಲಿ ಉಳಿದ ಕೆಲವೇ ಒರಟು ಕಣಗಳು ತಿಂಗಳ ದುಡಿಮೆಯನ್ನು ಕೆಡಿಸಬಲ್ಲವು. ಹಂತ ಬದಲಿಸುವಾಗ ಕಲ್ಲು, ಪೀಪಾಯಿ, ಮುಚ್ಚಳ ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಒಣಗಿದ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಗೀರು ಕಂಡರೆ ಒಂದು ಹಂತ ಹಿಂದಕ್ಕೆ ಹೋಗಿ.

ತೊಳೆದ ರಾಡಿಯನ್ನು ಬಚ್ಚಲಿಗೆ ಸುರಿಯಬೇಡಿ. ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಣಗಿದ ರಾಡಿಯ ಧೂಳನ್ನು ಉಸಿರಾಡಬೇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ರೋಗ ತರುತ್ತದೆ.

ಇನ್ನೊಂದು ಮಾತು. ಹಂಪಿಯು 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಯ ಕಲ್ಲು ಅಲ್ಲಿಯೇ ಇರಲಿ. ಪ್ರಯೋಗಕ್ಕೆ ಮನೆಯ ಬಳಿಯ ಜಲ್ಲಿ ರಾಶಿಯಲ್ಲಿ ಸಿಗುವ ಬೆಣಚುಕಲ್ಲು ಸಾಕು. ಮೊದಲು ಅದರಿಂದ ಗಾಜಿನ ಚೂರಿನ ಮೇಲೆ ಗೀರಿ ನೋಡಿ. ಗೀರು ಬಿದ್ದರೆ ಕಲ್ಲು ಗಾಜಿಗಿಂತ ಗಡಸು. ಪುಡಿಯ ಆಯ್ಕೆ ಶುರುವಾಗುವುದು ಆ ಗೀರಿನಿಂದಲೇ.