ಅಮ್ಮನಿಗೂ ಒಂದು ಥ್ಯಾಂಕ್ಸ್ ಹೇಳಬಹುದಾ?

ಅರಸೀಕೆರೆ ಕಡೆಯಿಂದ ಅಮೆರಿಕಕ್ಕೆ ಬಂದ ನಮ್ಮಂಥವರಿಗೆ ಮೊದಲ ನವೆಂಬರ್ ಸ್ವಲ್ಪ ಕಷ್ಟದ್ದೇ. ದೀಪಾವಳಿಗೆ ರಜೆ ಇರೋದಿಲ್ಲ. ಆಫೀಸ್ ಮುಗಿಸಿ ಬಂದು ನಾಲ್ಕು ದೀಪ ಹಚ್ಚಿ, ಊರಿಗೆ ವಿಡಿಯೊ ಕಾಲ್ ಮಾಡಿದರೆ ಹಬ್ಬ ಮುಗೀತು. ಆದರೆ ನವೆಂಬರ್ ನಾಲ್ಕನೇ ಗುರುವಾರ ಬಂತೆಂದರೆ ಅಂಗಡಿ, ಆಫೀಸು ಎಲ್ಲ ಬಾಗಿಲು ಹಾಕಿ ಊರಿಗೆ ಊರೇ ಥ್ಯಾಂಕ್ಸ್‌ಗಿವಿಂಗ್ ಮಾಡುತ್ತೆ. ನಾವು ತಿನ್ನದ ಟರ್ಕಿ ಕೋಳಿ, ನಮ್ಮದಲ್ಲದ ಕಥೆ. ಈ ಹಬ್ಬ ನನ್ನದೂ ಹೌದು ಅನ್ನಿಸೋಕೆ ಮೂರ್ನಾಲ್ಕು ವರ್ಷವೇ ಬೇಕಾಯಿತು.

ಊಟಕ್ಕೆ ಮುಂಚೆ ಒಂದು ಹೆಸರು

ಇಷ್ಟವಾಗಿದ್ದು ಊಟದಿಂದಲ್ಲ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟಕ್ಕೆ ಮುಂಚೆ ಒಬ್ಬೊಬ್ಬರೂ, ಈ ವರ್ಷ ಯಾರಿಂದ ಉಪಕಾರವಾಯಿತು ಅಂತ ಹೇಳಬೇಕಿತ್ತು. ಮನೆಯ ಹಿರಿಯರು, ತಮ್ಮ ಕಾಲು ಮುರಿದಾಗ ದಿನಾ ಬಂದು ಬಾಗಿಲ ಮುಂದಿನ ಹಿಮ ತೆಗೆದ ಪಕ್ಕದ ಮನೆ ಹುಡುಗನ ಹೆಸರು ಹೇಳಿದರು. ಹುಡುಗ ಅಲ್ಲೇ ಕೂತಿದ್ದ. ನಾಚಿ ತಲೆ ತಗ್ಗಿಸಿದ.

ಆ ರಾತ್ರಿ ಊರಿಗೆ ಫೋನ್ ಮಾಡಿ, ‘ಅಮ್ಮಾ, ಕೊಬ್ಬರಿ ಮಾರಿದ ದುಡ್ಡಲ್ಲಿ ನನ್ನ ಫೀಸು ಕಟ್ಟಿದ್ರಲ್ಲ, ಅದಕ್ಕೆ ಥ್ಯಾಂಕ್ಸ್’ ಅಂದೆ. ಅಮ್ಮ ಗಾಬರಿಯಾದರು. ‘ಏನಾಯ್ತೇ ನಿಂಗೆ? ಹುಷಾರಾಗಿದೀಯ ತಾನೆ? ಹೆತ್ತೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ನಾನೇನು ಹೊರಗಿನೋಳಾ?’

ನಮ್ಮಲ್ಲಿ ಅದರ ಹೆಸರು ಋಣ

ಹಾಗಾದ್ರೆ ನಮ್ಮಲ್ಲಿ ಕೃತಜ್ಞತೆ ಇಲ್ವಾ? ಬೇಕಾದಷ್ಟಿದೆ. ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸೋದು ವರ್ಷವಿಡೀ ದುಡಿದ ಜೀವಕ್ಕೆ ಸಲ್ಲಿಸುವ ಋಣವೇ. ಕಣದಲ್ಲಿ ರಾಗಿ ರಾಶಿಗೆ ಪೂಜೆ ಮಾಡೋದೂ ಅದೇ.

ಉಪಕಾರ ಮಾಡಿದವರ ಹೆಸರನ್ನು ಕಲ್ಲಿನಲ್ಲೇ ಬರೆಸಿದ ಸೀಮೆ ನಮ್ಮದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಾಸನಗಳು ದತ್ತಿ ಬಿಟ್ಟವರನ್ನು ಹೆಸರಿಸುತ್ತವೆ. ಅಲ್ಲಿನ ಶಿಲ್ಪಗಳ ಕೆಳಗೆ ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣನ ಹೆಸರುಗಳಿವೆ. ಅವರೂ ಕೆಲಸಕ್ಕಾಗಿ ಊರು ಬಿಟ್ಟು ಬಂದವರೇ. ಹಳೇಬೀಡಿನ ಗೋಡೆಗಳಲ್ಲೂ ಶಿಲ್ಪಿಗಳ ಹೆಸರು ಸಿಗುತ್ತವೆ.

ದೇವರಿಗೆ, ದನಕ್ಕೆ, ದಾನಿಗೆ ಸಲ್ಲುವ ಮಾತು ಪಕ್ಕದಲ್ಲೇ ಕೂತು ಊಟ ಮಾಡುವವರಿಗೆ ಮಾತ್ರ ಸಲ್ಲೋದಿಲ್ಲ. ‘ಮನೆಯವರೇ ತಾನೆ’ ಅಂದುಕೊಂಡು ಬಿಡುತ್ತೇವೆ. ಹತ್ತಿರ ಇದ್ದಾಗ ಅದು ನಡೆಯುತ್ತೆ. ದೂರ ಬಂದ ಮೇಲೆ, ವರ್ಷಕ್ಕೊಮ್ಮೆ ಊರಿಗೆ ಹೋಗೋದೂ ಕಷ್ಟವಾದ ಮೇಲೆ, ಹೇಳದೆ ಉಳಿದ ಮಾತು ಭಾರವಾಗುತ್ತೆ.

ಹಬ್ಬದ ಹಿಂದಿನ ನೋವು

ಥ್ಯಾಂಕ್ಸ್‌ಗಿವಿಂಗ್ ಕಥೆಯಲ್ಲೂ ತೀರದ ಋಣವೊಂದಿದೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ಚಳಿಗಾಲ ದಾಟಲಿಲ್ಲ. ಉಳಿದವರಿಗೆ ಮುಸುಕಿನ ಜೋಳ ಬೆಳೆಯೋದನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. 1621ರ ಸುಗ್ಗಿಯ ಊಟದಲ್ಲಿ ವಾಂಪನೋಗ್ ಜನರೂ ಜೊತೆಗಿದ್ದರು. ಆಮೇಲೆ ಆ ಜನ ನೆಲ ಕಳೆದುಕೊಂಡರು. 1970ರಿಂದ ಅದೇ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಈ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಇದು ಗೊತ್ತಾದ ಮೇಲೆ ಹಬ್ಬ ಬೇಡ ಅನ್ನಿಸಲಿಲ್ಲ; ಯಾರ ನೆಲದಲ್ಲಿ ನಿಂತು ಉಣ್ಣುತ್ತಿದ್ದೇವೆ ಅನ್ನೋದನ್ನೂ ನೆನೆಯಬೇಕು ಅನ್ನಿಸಿತು.

ಆ ಋಣ ನಮ್ಮೂರಿಗೂ ತಗಲುತ್ತೆ. ಎಳ್ಳು-ಬೆಲ್ಲಕ್ಕೆ ಬೆರೆಸುವ ಕೊಬ್ಬರಿ ನಮ್ಮ ತೋಟದ್ದು. ಕಡಲೆಕಾಯಿ ಬೀಜದ ತವರು ದಕ್ಷಿಣ ಅಮೆರಿಕ. ಹಾಸನದ ಆಲೂಗಡ್ಡೆ, ಸಾರಿನ ಒಣಮೆಣಸಿನಕಾಯಿ, ಹೊಲದ ಮುಸುಕಿನ ಜೋಳ ಎಲ್ಲವನ್ನೂ ಮೊದಲು ಬೆಳೆಸಿ ಪಳಗಿಸಿದವರು ಅಮೆರಿಕ ಖಂಡಗಳ ಮೂಲನಿವಾಸಿ ರೈತರು.

ನಮ್ಮ ಮನೆಯ ಪದ್ಧತಿ

ಈಗ ಆ ಗುರುವಾರ ಮೂರ್ನಾಲ್ಕು ಕನ್ನಡ ಕುಟುಂಬಗಳು ಸೇರುತ್ತೇವೆ. ಬಿಸಿಬೇಳೆಬಾತ್, ಸಿಹಿಗುಂಬಳದ ಪಲ್ಯ, ಮಕ್ಕಳಿಗಾಗಿ ಒಂದು ಪೈ. ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಒಂದು ಹೆಸರು, ಒಂದು ಕಾರಣ ಹೇಳಬೇಕು. ಬರೀ ‘ಎಲ್ಲರಿಗೂ ಥ್ಯಾಂಕ್ಸ್’ ಅಂದ್ರೆ ನಡೆಯಲ್ಲ. ಹೇಳಿದವರು ಅದೇ ದಿನ ಆ ವ್ಯಕ್ತಿಗೆ ಫೋನ್ ಮಾಡಲೇಬೇಕು.

ಇದಕ್ಕೆ ಅಮೆರಿಕಕ್ಕೆ ಬರಬೇಕಾಗಿಲ್ಲ. ಬೆಂಗಳೂರಿನ ಪಿಜಿಯಲ್ಲಿರುವವರೂ ಸಂಕ್ರಾಂತಿಗೆ ಊರಿಗೆ ಹೋದಾಗ ಮಾಡಿ ನೋಡಿ. ಎಳ್ಳು ಕೊಡುವಾಗ ‘ಒಳ್ಳೇ ಮಾತಾಡಿ’ ಅಂತ ಹೇಗೂ ಅಂತೀವಿ. ಆ ಒಳ್ಳೇ ಮಾತನ್ನು ಹೆಸರಿಟ್ಟು, ಕಾರಣ ಕೊಟ್ಟು, ಎದುರಿಗೇ ಹೇಳಿಬಿಡಿ.