ಹೊಳೆಯ ಪರವಾಗಿ ಎದ್ದು ನಿಂತವರು

ಹೊಳೆಹೊನ್ನೂರಿನ ಪಕ್ಕದಲ್ಲಿ ಹರಿಯುವ ಭದ್ರೆ ಮುಂದೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಇಬ್ಬರೂ ಹುಟ್ಟುವುದು ಕುದುರೆಮುಖದ ಗಂಗಾಮೂಲದಲ್ಲಿ. ಕುದುರೆಮುಖದ ಬೆಟ್ಟವನ್ನು ಅಗೆದು ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಹೂಳು ಭದ್ರೆಗೆ ಇಳಿಯುತ್ತಿತ್ತು. ಆದರೆ ಹೊಳೆ ಕೋರ್ಟಿಗೆ ಹೋಗಲಾರದು. ಹಾಗಾದರೆ ಅದರ ಪರ ಮಾತನಾಡಿದವರು ಯಾರು? ಹುಡುಕುತ್ತ ಹೋದ ನಾನು ಮುನ್ನೂರು ವರ್ಷ ಹಿಂದಿನ ಇಂಗ್ಲೆಂಡಿಗೆ ಹೋಗಿ ಮುಟ್ಟಿದೆ.

1686ರಲ್ಲಿ ಅಲ್ಲಿನ ಕೋರ್ಟೊಂದರಲ್ಲಿ ಒಂದು ಕಾಯ್ದೆಯ ಅರ್ಥ ಏನೆಂಬ ಚರ್ಚೆ ನಡೆದಿತ್ತು. ವಾದಿಗೂ ಪ್ರತಿವಾದಿಗೂ ಸಂಬಂಧವಿಲ್ಲದ ಜಾರ್ಜ್ ಟ್ರೆಬಿ ಎದ್ದು ನಿಂತರು. ಆ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಗುವಾಗ ತಾನು ಅಲ್ಲಿದ್ದೆ, ಅದರ ಉದ್ದೇಶ ಇಂಥದ್ದು ಎಂದರು. ಕೋರ್ಟು ಕಿವಿಗೊಟ್ಟಿತು. ಕೋರ್ಟಿನ ಮಿತ್ರ ಅಂದರೆ, ನಮ್ಮ ಪತ್ರಿಕೆಗಳು ಬರೆಯುವ ‘ಅಮಿಕಸ್ ಕ್ಯೂರಿ’, ಆಗ ಇಷ್ಟೇ: ನ್ಯಾಯಾಧೀಶರು ಎಡವದಂತೆ ಕೈಹಿಡಿಯುವವನು.

1736ರ ಕಾಕ್ಸ್–ಫಿಲಿಪ್ಸ್ ಮೊಕದ್ದಮೆಯಲ್ಲಿ ಈ ಕೆಲಸ ಒಂದು ಹೆಜ್ಜೆ ಮುಂದೆ ಹೋಯಿತು. ಸಾಲದ ಆ ವ್ಯಾಜ್ಯ ಎರಡೂ ಕಡೆಯವರು ಸೇರಿ ಹೂಡಿದ ನಾಟಕ. ಪೆಟ್ಟು ಬೀಳುತ್ತಿದ್ದುದು ಅಲ್ಲಿ ಇಲ್ಲದ ಮೂರನೆಯವನಿಗೆ. ಅದನ್ನು ಬಯಲು ಮಾಡಿದ್ದು ಕೋರ್ಟಿನ ಮಿತ್ರ. ನನಗೆ ನಿಜವಾದ ಆವಿಷ್ಕಾರ ಕಾಣುವುದು ಇಲ್ಲೇ. ಇಬ್ಬರ ಜಗಳದ ತೀರ್ಪು ಮೂರನೆಯವನನ್ನೂ ಸುಡಬಹುದು ಎಂಬುದು ಕೋರ್ಟಿಗೆ ಅರಿವಾಯಿತು.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1821ರಲ್ಲಿ ಹೆನ್ರಿ ಕ್ಲೇ ಇದೇ ದಾರಿಯಲ್ಲಿ ಬಂದರು. ಜಮೀನಿನ ವ್ಯಾಜ್ಯ ಖಾಸಗಿಯವರದು, ಬಿದ್ದುಹೋಗುತ್ತಿದ್ದುದು ಕೆಂಟಕಿ ರಾಜ್ಯದ ಕಾನೂನು, ರಾಜ್ಯವೋ ಕಕ್ಷಿಗಾರನೇ ಅಲ್ಲ. ಕ್ಲೇ ಕೇಳಿಕೊಂಡಂತೆ ಮರುವಿಚಾರಣೆ ನಡೆಯಿತು. 1823ರ ತೀರ್ಪು ಮಾತ್ರ ಕೆಂಟಕಿಗೆ ವಿರುದ್ಧವಾಗಿಯೇ ಬಂತು. ಆದರೂ ಬಾಗಿಲು ತೆರೆದಿತ್ತು. ಇಂದು ಅಲ್ಲಿನ ಫೆಡರಲ್ ಕೋರ್ಟುಗಳಿಗೆ ಸಂಘಸಂಸ್ಥೆಗಳು, ರಾಜ್ಯಗಳು ರಾಶಿ ರಾಶಿ ಲಿಖಿತ ವಾದ ಸಲ್ಲಿಸುತ್ತವೆ. ಅವರಲ್ಲಿ ಬಹಳ ಮಂದಿ ಒಂದು ಪಕ್ಷದ ಮಿತ್ರರೇ.

ನಮ್ಮಲ್ಲಿ ಈ ಮಿತ್ರನಿಗೆ ಬೇರೆಯೇ ರೂಪ ಬಂತು. ಇಲ್ಲಿ ಸಾಮಾನ್ಯವಾಗಿ ಕೋರ್ಟೇ ಅವನನ್ನು ನೇಮಿಸುತ್ತದೆ. ವಕೀಲರಿಲ್ಲದ ಕೈದಿಗೆ ಅವನೇ ದನಿ. ನಿಲಂಬೂರಿನ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ನೀಲಗಿರಿಯ ಮರ ಕಡಿತದ ವಿರುದ್ಧ ನಮ್ಮ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ 202ನೇ ರಿಟ್ ಅರ್ಜಿ ಇಡೀ ದೇಶದ ಕಾಡಿನ ಮೊಕದ್ದಮೆಯಾಗಿ ಬೆಳೆಯಿತು. ಅರ್ಜಿದಾರರೊಬ್ಬರು ಹೊರಲಾರದ ಆ ಭಾರವನ್ನು ಹೊತ್ತವರು ಅಮಿಕಸ್ ಆಗಿದ್ದ ಹರೀಶ್ ಸಾಳ್ವೆ.

ಅದೇ ಮೊಕದ್ದಮೆಯೊಳಗೆ ಕುದುರೆಮುಖ ಬಂತು. 1969ರಲ್ಲಿ ಆರಂಭವಾದ ಮೂವತ್ತು ವರ್ಷದ ಗಣಿ ಗುತ್ತಿಗೆ 1999ರ ಜುಲೈನಲ್ಲಿ ಮುಗಿದಿತ್ತು, ಗಣಿ ನಿಂತಿರಲಿಲ್ಲ. ನಡುವೆ 1987ರಲ್ಲೇ ಅಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟಿತ್ತು. ಗಣಿ ಕಂಪನಿ ಕೇಂದ್ರ ಸರ್ಕಾರದ್ದೇ. ನಾಗರಹೊಳೆಯಲ್ಲಿ ರೇಂಜರ್ ಆಗಿ ನಿವೃತ್ತರಾದ ಕೊಡಗಿನ ಕೆ.ಎಂ. ಚಿಣ್ಣಪ್ಪ 2001ರಲ್ಲಿ ಮಧ್ಯಂತರ ಅರ್ಜಿ ಹಾಕಿದರು. ಅವರು ಅಮಿಕಸ್ ಅಲ್ಲ, ಅರ್ಜಿದಾರರು. ಆದರೆ ಕಾಡಿನ ಮಾತು ಕೇಳಿಸಿಕೊಳ್ಳುವ ಮೊಕದ್ದಮೆಯೊಂದು ಅಷ್ಟು ಹೊತ್ತಿಗೆ ಸಿದ್ಧವಾಗಿರದಿದ್ದರೆ ಅವರ ಅರ್ಜಿ ಹೋಗಿ ನಿಲ್ಲಲು ಜಾಗವೆಲ್ಲಿತ್ತು?

ಹೊಳೆಹೊನ್ನೂರಿಗೂ ಗಣಿಗೂ ನಡುವೆ ಲಕ್ಕವಳ್ಳಿಯ ಅಣೆಕಟ್ಟಿದೆ. ಮೇಲಿನ ಹೂಳೆಲ್ಲ ಮೊದಲು ಸೇರುವುದು ಅದರ ಹೊಟ್ಟೆಗೆ. ನಮ್ಮ ಗದ್ದೆ, ತೋಟಗಳ ನೀರು ಅಲ್ಲಿಂದಲೇ ಬರಬೇಕು. ದೆಹಲಿಯ ವಿಚಾರಣೆ ನಮ್ಮ ಅನ್ನದ ವಿಷಯವಾಗಿತ್ತು, ಇಲ್ಲಿನ ರೈತರಲ್ಲಿ ಎಷ್ಟೋ ಮಂದಿ ಆ ಕೋರ್ಟಿನ ಮೆಟ್ಟಿಲನ್ನೂ ಕಂಡವರಲ್ಲ.

2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಿ ಮಾತ್ರ, ಅದೂ 2005ರ ಕೊನೆಯವರೆಗೆ ಮಾತ್ರ ಗಣಿಗೆ ಅವಕಾಶ. ಆ ವರ್ಷದ ಡಿಸೆಂಬರ್ 31ಕ್ಕೆ ಕುದುರೆಮುಖದ ಯಂತ್ರಗಳು ನಿಂತವು.