ಮನೆಯಲ್ಲೇ ಸಕ್ಕರೆ ಪರೀಕ್ಷೆ: ಮೀಟರಿನ ಬೆಲೆಯಲ್ಲ, ಸ್ಟ್ರಿಪ್‌ನ ಲೆಕ್ಕ ನೋಡಿ

ಮುಂಬಯಿ: ಕನ್ನಡ ಸಂಘ-ಸಂಸ್ಥೆಗಳ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಸಕ್ಕರೆ ಪರೀಕ್ಷೆಯ ಮೇಜಿನ ಮುಂದೆ ಸದಾ ಉದ್ದನೆಯ ಸಾಲು. ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತ್ತು. ಆದರೆ ಶಿಬಿರ ನಡೆಯುವುದು ವರ್ಷಕ್ಕೊಮ್ಮೆ, ಸಕ್ಕರೆ ಏರಿಳಿಯುವುದು ದಿನವೂ. ಹೀಗಾಗಿ ಇಂದು ಹಲವು ಮನೆಗಳಲ್ಲಿ ಗ್ಲುಕೋಮೀಟರ್ ಇದೆ. ಅದನ್ನು ಕೊಳ್ಳುವಾಗ ಹೆಚ್ಚಿನವರು ಕೇಳುವುದು ಮೀಟರಿನ ಬೆಲೆ. ನಿಜವಾದ ಖರ್ಚು ಇರುವುದು ಸ್ಟ್ರಿಪ್‌ನಲ್ಲಿ.

ಮೀಟರ್ ಕೊಳ್ಳುವುದು ಒಮ್ಮೆ, ಸ್ಟ್ರಿಪ್ ಕೊಳ್ಳುತ್ತಲೇ ಇರಬೇಕು. ಒಂದು ಸ್ಟ್ರಿಪ್‌ಗೆ 20 ರೂ. ಎಂದಿಟ್ಟುಕೊಂಡರೂ ದಿನಕ್ಕೊಂದರಂತೆ ವರ್ಷಕ್ಕೆ 7,300 ರೂ. ಆಗುತ್ತದೆ. ಒಂದು ಕಂಪೆನಿಯ ಸ್ಟ್ರಿಪ್ ಮತ್ತೊಂದರ ಮೀಟರಿಗೆ ಹೊಂದುವುದಿಲ್ಲ. ಆದ್ದರಿಂದ ಅದೇ ಸ್ಟ್ರಿಪ್ ಸಮೀಪದ ಔಷಧಿ ಅಂಗಡಿಯಲ್ಲೂ ಊರಿನಲ್ಲೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

25 ಸಾಕೇ, 50 ಬೇಕೇ?

ದೊಡ್ಡ ಡಬ್ಬಿ ಯಾವಾಗಲೂ ಲಾಭವಲ್ಲ. ಕೆಲವು ಸ್ಟ್ರಿಪ್‌ಗಳನ್ನು ಡಬ್ಬಿ ತೆರೆದ ಮೂರು ತಿಂಗಳೊಳಗೆ ಮುಗಿಸಬೇಕು. ಇನ್ನು ಕೆಲವಕ್ಕೆ ಹೆಚ್ಚು ಅವಧಿ ಇದೆ. ಮಾತ್ರೆ ಸೇವಿಸುತ್ತಾ ವಾರಕ್ಕೆರಡು ಬಾರಿ ಪರೀಕ್ಷಿಸುವವರಿಗೆ ಮೂರು ತಿಂಗಳಿಗೆ 25-26 ಸ್ಟ್ರಿಪ್ ಸಾಕು. 50ರ ಡಬ್ಬಿ ತಂದರೆ ಅರ್ಧ ವ್ಯರ್ಥವಾಗಬಹುದು. ಇನ್ಸುಲಿನ್ ತೆಗೆದುಕೊಂಡು ದಿನಕ್ಕೆರಡು ಬಾರಿ ಪರೀಕ್ಷಿಸುವವರಿಗೆ ಅದೇ ಡಬ್ಬಿ 25 ದಿನದಲ್ಲಿ ಖಾಲಿ. ಎಷ್ಟು ಬಾರಿ ಪರೀಕ್ಷಿಸಬೇಕೆಂದು ವೈದ್ಯರಲ್ಲಿ ಕೇಳಿಯೇ ಖರೀದಿಸುವುದು ಲೇಸು. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಬೇಕು.

ಮಳೆಗಾಲದ ಎಚ್ಚರಿಕೆ

ಮುಂಬಯಿ ಮಳೆಗಾಲದ ತೇವ ಸ್ಟ್ರಿಪ್‌ನ ಶತ್ರು. ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಸುರಿಯಬಾರದು, ಫ್ರಿಜ್ಜಿನಲ್ಲೂ ಇಡಬಾರದು. ಒಂದನ್ನು ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಬೇಕು. ಹಾಳಾದ ಸ್ಟ್ರಿಪ್ ತಪ್ಪಾಗಿ ಹೆಚ್ಚು ತೋರಿಸಿ, ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವ ಅಪಾಯವಿದೆ. ಮಾವಿನ ಹಣ್ಣು ತಿಂದ ಕೈ ತೊಳೆಯದೆ ಚುಚ್ಚಿಕೊಂಡರೂ ಅಂಕಿ ಏರುತ್ತದೆ. ಸಾಬೂನಿನಿಂದ ಕೈ ತೊಳೆದು, ಪೂರ್ತಿ ಒರೆಸಿಕೊಂಡೇ ಬೆರಳಿನ ಪಕ್ಕದಲ್ಲಿ ಚುಚ್ಚಬೇಕು.

ಲ್ಯಾನ್ಸೆಟ್ ಸೂಜಿಯ ಸಂಖ್ಯೆ ಹೆಚ್ಚಾದಷ್ಟು ಸೂಜಿ ಸಪೂರ. 28ಕ್ಕಿಂತ 33ರಲ್ಲಿ ನೋವು ಕಡಿಮೆ. ಗಂಡ-ಹೆಂಡತಿ ಇಬ್ಬರಿಗೂ ಮಧುಮೇಹವಿದ್ದರೆ ಮೀಟರ್ ಒಂದೇ ಇದ್ದೀತು, ಆದರೆ ಚುಚ್ಚುವ ಪೆನ್ನು ಮತ್ತು ಸೂಜಿ ಬೇರೆ ಬೇರೆಯೇ ಇರಬೇಕು. ಹಂಚಿಕೊಂಡರೆ ಹೆಪಟೈಟಿಸ್-ಬಿಯಂತಹ ಸೋಂಕು ತಗಲಬಹುದು. ಬಳಸಿದ ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಡಬೇಕು. ಕಸ ಒಯ್ಯುವವರ ಕೈಗೆ ಅದು ಚುಚ್ಚಬಾರದು.

ಲ್ಯಾಬ್‌ಗೂ ಮನೆಯ ಮೀಟರಿಗೂ ತುಸು ವ್ಯತ್ಯಾಸ ಸಹಜ. ಐಎಸ್‌ಒ 15197:2013 ಮಾನದಂಡದಂತೆ 100 ಹಾಗೂ ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಆಚೀಚೆ ಇರಬಹುದು. ಅಂದರೆ ಲ್ಯಾಬ್‌ನಲ್ಲಿ 200 ಇದ್ದರೆ ಮನೆಯಲ್ಲಿ 170ರಿಂದ 230. ಮೀಟರನ್ನು ಖಾಲಿ ಹೊಟ್ಟೆಯ ಲ್ಯಾಬ್ ಪರೀಕ್ಷೆಯ ದಿನ ಜತೆಗೊಯ್ದು ಹೋಲಿಸಿ ನೋಡುವುದು ಉತ್ತಮ.

ಊರಿನ ಜಾತ್ರೆ, ಮದುವೆಗೆ ರೈಲು ಹತ್ತುವಾಗ ಮೀಟರ್ ಮತ್ತು ಸ್ಟ್ರಿಪ್ ಕೈಚೀಲದಲ್ಲೇ ಇರಲಿ. ದಿನಾಂಕ, ಹೊತ್ತು, ಅಂಕಿ ಬರೆದಿಟ್ಟ ಚಿಕ್ಕ ಪುಸ್ತಕವೂ ಜತೆಗಿರಲಿ. ಮೀಟರ್ ಅಂಕಿ ಮಾತ್ರ ಕೊಡುತ್ತದೆ. ಔಷಧಿಯ ಪ್ರಮಾಣ ನಿರ್ಧರಿಸಬೇಕಾದವರು ವೈದ್ಯರೇ.